ಒಲೆ ಬಾಗಿಲ ಮೇಲಿನ ಮುರೋರಾನ್

ಕೋಳಿಗೂಡಿಗೆ ತಗಡು ಹುಡುಕಿಕೊಂಡು ಮೊನ್ನೆ ಗೂಡಲೂರಿನ ಗುಜರಿ ಅಂಗಡಿಗೆ ಹೋಗಿದ್ದೆ. ರಾಶಿಯ ಅಡಿಯಲ್ಲಿ ಒಂದು ಕಬ್ಬಿಣದ ಬಾಗಿಲು, ಅದರ ಮೇಲೆ ಉಳಿಯಿಂದ ಕೆತ್ತಿದ ಕುಡುಗೋಲಿನಂಥ ಗೆರೆ... ಬಗ್ಗಿ ನೋಡಿದೆ. ನಮ್ಮ ಟೀ ಫ್ಯಾಕ್ಟರಿಯ ಡ್ರೈಯರ್ ಒಲೆಯ ಬಾಗಿಲು ಅದು. ಕೆತ್ತಿದವರು ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಫಿಟ್ಟರ್ ಮಾಮ.

ನಾನು ಅಲ್ಲಿ ಎಲೆ ತೂಗುವ ಗುಮಾಸ್ತನಾಗಿದ್ದೆ. ಮಾಮ ಮೈಸೂರು ಕಡೆಯವರು, ಹರೆಯದಲ್ಲಿ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಗೋವೆಯ ಅದಿರು ಹೊತ್ತ ಅವರ ಹಡಗು ಕೆಟ್ಟು, ಜಪಾನಿನ ಮುರೋರಾನ್ ಎಂಬ ಬಂದರಿನಲ್ಲಿ ಒಂದು ಚಳಿಗಾಲ ಪೂರ್ತಿ ನಿಂತಿತ್ತಂತೆ. ಟೀ ಒಣಗುವಷ್ಟು ಹೊತ್ತು ನಮಗೆ ಅದೇ ಪಾಠ, ಒಲೆ ಬಾಗಿಲೇ ಭೂಪಟ. ನೆಲ ಹೀಗೆ, ಕುಡುಗೋಲಿನಂತೆ ಬಾಗಿದೆ. ಹೊರಗೆ ಕಡಿದಾದ ಬಂಡೆ, ಹುಚ್ಚು ಸಮುದ್ರ. ಒಳಗೆ ಕೆರೆಯಂಥ ನೀರು. ಮೊದಲು ರೈಲಿನಲ್ಲಿ ಬಂದ ಕಲ್ಲಿದ್ದಲು ಅಲ್ಲಿ ಹಡಗು ಹತ್ತುತ್ತಿತ್ತು, ಆಮೇಲೆ ಉಕ್ಕಿನ ಕಾರ್ಖಾನೆ ಬಂತು. ಯುದ್ಧದಲ್ಲಿ ಅಮೆರಿಕದ ಹಡಗುಗಳು ಸಮುದ್ರದಿಂದಲೇ ಗುಂಡು ಹೊಡೆದು ಪುಡಿಮಾಡಿದವು, ಮತ್ತೆ ಕಟ್ಟಿದರು. ಉಕ್ಕಿಗೆ ಗಿರಾಕಿ ಕಮ್ಮಿಯಾದ ಮೇಲೆ ಗುಡ್ಡದ ಮನೆಗಳು ಖಾಲಿಯಾಗುತ್ತಿವೆ ಎಂದು ಹಳೆಯ ಗೆಳೆಯರಿಂದ ಕೇಳಿದ್ದರು. ಊಟಿ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವ ನನಗೆ ಆ ಊರು ಬಾಯಿಪಾಠವಾಗಿತ್ತು.

ಒಂದು ಮಾತನ್ನಂತೂ ನೂರು ಸಲ ಹೇಳಿದ್ದರು. ಅಲ್ಲಿಯ ಉಕ್ಕಿನ ಕುಲುಮೆಯನ್ನು ಆರಲು ಬಿಡುವುದಿಲ್ಲ. ಆರಿದರೆ ಕರಗಿದ ಕಬ್ಬಿಣ ಅದರ ಹೊಟ್ಟೆಯಲ್ಲೇ ಗಟ್ಟಿಯಾಗಿ, ಕುಲುಮೆ ಕೆಟ್ಟಂತೆಯೇ.

ನಮ್ಮ ಫ್ಯಾಕ್ಟರಿ ಮುಚ್ಚಿತು. ಯಾರಾದರೂ ಕೊಂಡರೆ ಎಲ್ಲರಿಗೂ ಮತ್ತೆ ಕೆಲಸ ಎಂದರು ಧಣಿ. ಬೀಗದ ಕೈ ಒಂದು ನನ್ನ ಹತ್ತಿರ, ಇನ್ನೊಂದು ಮಾಮನ ಹತ್ತಿರ. ಮಾಮ ಮಾತ್ರ ದಿನಾ ಬೆಳಿಗ್ಗೆ ಸೌದೆ ಹೊರೆ ಹೊತ್ತು ಬಂದು, ಎಲೆಯೇ ಇಲ್ಲದ ಡ್ರೈಯರ್‌ಗೆ ಬೆಂಕಿ ಹಾಕುತ್ತಿದ್ದರು. ನಾವೆಲ್ಲ ನಕ್ಕೆವು. ಟೀ ಒಣಗಿಸುವ ಒಲೆಗೂ ಉಕ್ಕಿನ ಕುಲುಮೆಗೂ ಎಲ್ಲಿಯ ಸಂಬಂಧ?

“ಕಬ್ಬಿಣ ಕಬ್ಬಿಣಾನೇ ಮಗಾ. ತಣ್ಣಗಾಗಕ್ಕೆ ಬಿಟ್ರೆ ಮತ್ತೆ ಏಳಲ್ಲ,” ಅಂದರು.

ಕಟ್ಟಡಕ್ಕೆ ಬೆಂಕಿ ಬಿದ್ದೀತೆಂದು ಹೆದರಿದ ಧಣಿ ಬೀಗ ಬದಲಿಸಲು ಹೇಳಿದರು. ಬದಲಿಸಿದೆ. ಮರುದಿನ ಮಾಮ ಹೊರೆಯೊಂದಿಗೆ ಬಾಗಿಲಲ್ಲೇ ನಿಂತರು. ಬೈಯಲಿಲ್ಲ.

“ಈ ಮಳೇನ ತಡ್ಕೊಳ್ಳಲ್ಲ ಅದು. ನೀನಾದ್ರೂ ದಿನಾ ಸ್ವಲ್ಪ ಹಚ್ಚು.”

ಹೂಂ ಅಂದೆ. ಹಚ್ಚಲಿಲ್ಲ. ಧಣಿಯ ಹೆದರಿಕೆ ಅಂತ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಸೋಮಾರಿತನವೂ ಇತ್ತು. ಸೌದೆ ಹೊರೆ ಅಲ್ಲೇ ನೆನೆಯಿತು... ಆ ಮಳೆಗಾಲದಲ್ಲೇ ಮಾಮ ಜ್ವರ ಬಂದು ತೀರಿಕೊಂಡರು.

ಮಳೆ ನಿಂತ ಮೇಲೆ ಕೂನೂರಿನಿಂದ ಒಬ್ಬರು ಫ್ಯಾಕ್ಟರಿ ಕೊಳ್ಳಲು ಬಂದರು. ಒಲೆ ಹಚ್ಚಿ ತೋರಿಸು ಅಂದರು. ಬೆಂಕಿಯಿಲ್ಲದೆ ಮಳೆಯ ತೇವ ಕೂತು ಒಳಗಿನ ಕೊಳವೆಗಳೆಲ್ಲ ತುಕ್ಕು ಹಿಡಿದು ತೂತಾಗಿ ಕಂಡಕಂಡಲ್ಲಿ ಹೊಗೆ ಎದ್ದಿತು. ಅವರು ಕೈ ಒರೆಸಿಕೊಂಡು ಕಾರು ಹತ್ತಿದರು. ಆಮೇಲೆ ಯಾರೂ ಬರಲಿಲ್ಲ.

“ಇದು ಬೇಕಾ ಅಣ್ಣಾ?” ಗುಜರಿಯವನು ಬಾಗಿಲನ್ನು ಎಳೆದು ತೋರಿಸಿದ. ಒಂದು ಮೂಲೆಯನ್ನು ಆಗಲೇ ಕತ್ತರಿಸಿದ್ದ. ಬಂದರಿನ ಬಾಯಿ ಹೋಗಿತ್ತು, ಬಂಡೆಯ ಕಡೆ ಉಳಿದಿತ್ತು. ಬೇಡ ಅಂದೆ. ಮನೆಯಲ್ಲಿ ಅದನ್ನು ದಿನಾ ನೋಡುವ ಧೈರ್ಯ ನನಗಿಲ್ಲ.

ತಗಡು ಹೊತ್ತು ವಾಪಸು ಬಂದೆ. ಮಾಮ ನನ್ನಿಂದ ಕೇಳಿದ್ದು ದಿನಕ್ಕೊಂದು ಬೆಂಕಿಕಡ್ಡಿ. ಅಷ್ಟೂ ನನ್ನಿಂದ ಆಗಲಿಲ್ಲ.