ಊದಿದ್ದೇ ತಪ್ಪಾಗಿತ್ತು

“ಸರ್, ಬಾಯಿಲೆ ಊದಬ್ಯಾಡ್ರೀ!”

ತೆಲುಗು ನಾಡಿನ ಗಚ್ಚಿಬೌಲಿಯ ನಮ್ಮ ಲ್ಯಾಬಿನಲ್ಲಿ ಕನ್ನಡ ಕೇಳಿ ಬೆಚ್ಚಿಬಿದ್ದೆ. ಗಾಜಿನ ಬಾಗಿಲು ಒರೆಸುತ್ತಿದ್ದ ಶಾಂತಮ್ಮ ನನ್ನನ್ನೇ ನೋಡುತ್ತಿದ್ದರು. ಅಲ್ಲಿಯವರೆಗೆ ನಾವಿಬ್ಬರೂ ತೆಲುಗಿನಲ್ಲೇ ಮಾತಾಡಿದ್ದು.

ನನ್ನ ಕೈಯಲ್ಲಿದ್ದದ್ದು ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಕೇಬಲ್. ಡೇಟಾವನ್ನು ಬೆಳಕಾಗಿಸಿ ಮಿಂಚಿನ ವೇಗದಲ್ಲಿ ಕಳಿಸುವ ಪುಟ್ಟ ಟ್ರಾನ್ಸೀವರ್ ಒಂದನ್ನು ಎರಡು ದಿನದಿಂದ ಪರೀಕ್ಷಿಸುತ್ತಿದ್ದೆ. ಪರದೆಯ ಮೇಲೆ ತಪ್ಪುಗಳ ಎಣಿಕೆ ಏರುತ್ತಲೇ ಇತ್ತು. ಧೂಳಿರಬೇಕೆಂದು ನಾನು ಪ್ರತಿ ಸಲವೂ ಕೇಬಲ್ಲಿನ ತುದಿಗೆ ಉಫ್ ಎಂದು ಊದಿ ಮತ್ತೆ ಜೋಡಿಸುತ್ತಿದ್ದೆ. ಸಂಜೆ ವರದಿ ಕೊಡಬೇಕು. ‘ಫೇಲ್’ ಎಂದು ಬರೆದರೆ ನಮ್ಮ ತಂಡದ ತಿಂಗಳುಗಟ್ಟಲೆಯ ದುಡಿಮೆ ಮೂಲೆ ಸೇರುತ್ತಿತ್ತು.

“ಬಂದವರಿಗೆಲ್ಲಾ ಇದು ಗಾಜು ಅಂತ ನೀವ ಹೇಳ್ತೀರಿ. ಚಷ್ಮಾಕ್ಕ ಊದಿದ್ರ ಹಬಿ ಕೂಡ್ತೈತಲ್ರಿ? ಒಣಾ ಅರಿವಿಲೆ ಒರಸ್ರಿ,” ಎಂದರು ಶಾಂತಮ್ಮ.

ಊದಬಾರದು ಎಂಬುದು ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದ ಪಾಠ! ನಾಚುತ್ತಲೇ ಡ್ರಾಯರ್‌ನಲ್ಲಿದ್ದ ಒಣ ವೈಪ್ ತೆಗೆದು ತುದಿ ಒರೆಸಿ, ಜೋಡಿಸಿದೆ. ಎಣಿಕೆ ಸೊನ್ನೆ. ಅರ್ಧ ಗಂಟೆ ಕಳೆದರೂ ಸೊನ್ನೆಯೇ! ನಾನು ಕುರ್ಚಿ ಬಿಟ್ಟೆದ್ದು ಕುಣಿದೆ. ಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಪಾಸ್ ಆತೇನ್ರಿ?”

ಹಾಳು ಅಭ್ಯಾಸ, ಈಗಲೂ ಕೇಬಲ್ ಹಿಡಿದ ಕೈ ಒಮ್ಮೊಮ್ಮೆ ಬಾಯಿಯ ಹತ್ತಿರ ಬರುತ್ತದೆ. ತಲೆಯೆತ್ತಿದರೆ ಗಾಜಿನಾಚೆ ಶಾಂತಮ್ಮ ಬೆರಳೆತ್ತಿ ನಿಂತಿರುತ್ತಾರೆ. ತುಂಬಿಕೊಂಡ ಉಸಿರನ್ನೆಲ್ಲ ನಗುವಾಗಿ ಬಿಡುತ್ತೇನೆ.