ದೇವರ ಮನೆಯಲ್ಲಿ ಉಳಿದ ಫೈಲು

ಅಡುಗೆಮನೆಯ ಗೂಡು ಒರೆಸಲೆಂದು ಮೊನ್ನೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಇಂಗಿನ ಡಬ್ಬಿಯ ಅಡಿಗೆ ಹಾಸಿದ್ದ ಕಾಗದ ಹಳದಿಗಟ್ಟಿ ಗೂಡಿಗೇ ಅಂಟಿಕೊಂಡಿತ್ತು. ಮೆಲ್ಲಗೆ ಎಬ್ಬಿಸಿ ನೋಡಿದರೆ ಟೈಪು ಮಾಡಿದ ಅಕ್ಷರ: ‘ವಾದಿಯು ಅರಿಕೆ ಮಾಡಿಕೊಳ್ಳುವುದೇನೆಂದರೆ...’ ಮುಂದಿನದನ್ನು ಎಣ್ಣೆ ತಿಂದುಹಾಕಿತ್ತು. ತಪ್ಪು ಟೈಪಾದ ಹಾಳೆಗಳನ್ನು ವಕೀಲಮ್ಮ ನನಗೆ ಕೊಡುತ್ತಿದ್ದರು, ಹೆಸರುಗಳಿದ್ದ ಕಡೆ ಹರಿದು. ಇಂಗಿನ ವಾಸನೆಯ ಆ ಹಾಳೆ ಹಿಡಿದು ನೆಲದ ಮೇಲೇ ಕುಳಿತೆ.

ಹಿರಿಯೂರಿನ ನಮ್ಮ ಮನೆಯಲ್ಲಿ ಬಾಡಿಗೆಗೆ ಹಿಡಿದ ಮುಂದಿನ ಕೋಣೆಯೇ ಅವರ ಆಫೀಸು. ಒಂದು ಮೇಜು, ಒಂದು ಬೀರು, ಬಂದವರಿಗೊಂದು ಬೆಂಚು. ಜೂನಿಯರ್ ಇರಲಿಲ್ಲ, ಗುಮಾಸ್ತರೂ ಇರಲಿಲ್ಲ. ಕೋಣೆ ಗುಡಿಸುವುದರಿಂದ ಹಿಡಿದು ಕೋರ್ಟಿನಲ್ಲಿ ವಾದ ಮಾಡುವವರೆಗೆ ಅವರೊಬ್ಬರೇ. ಒಂದೇ ದಿನ ಹೊಳಲ್ಕೆರೆಯಲ್ಲೊಂದು, ಚಿತ್ರದುರ್ಗದಲ್ಲೊಂದು ಕೇಸು ಬಿದ್ದರೆ ಬೆಳಿಗ್ಗೆಯೇ ಅವರ ಮುಖ ಸಣ್ಣಗಾಗಿರುತ್ತಿತ್ತು. ತನಗೆ ಬಸ್ಸು ತಪ್ಪಿದರೆ ಇನ್ನೊಬ್ಬರ ಬದುಕು ಹೋಯಿತು ಎನ್ನುವ ಹೆದರಿಕೆ. ಜ್ವರ ಬಂದು ಮಲಗಿದ್ದನ್ನು ನಾನು ಕಾಣೆ. ಗಂಜಿ ಮಾಡಿಕೊಟ್ಟರೆ ಹಜಾರದಲ್ಲಿ ನಿಂತೇ ಕುಡಿದು ಹೊರಡುತ್ತಿದ್ದರು.

ಹಜಾರ ದಾಟಿ ಒಳಗೆ ಬನ್ನಿ ಎಂದು ನಾನೂ ಕರೆಯುತ್ತಿರಲಿಲ್ಲ. ಅವರು ಯಾವ ಜನ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎನ್ನುವುದು ಅವರಿಗೂ ಗೊತ್ತಿತ್ತು. ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಒಂದು ದಸರೆಗೆ ಕೋರ್ಟಿಗೆ ರಜೆ ಬಂದಾಗ ಕೋಣೆಯ ಬೀಗದ ಕೈ ನನಗೆ ಕೊಟ್ಟು ಜವನಗೊಂಡನಹಳ್ಳಿಗೆ, ತಾಯಿಯ ಹತ್ತಿರ ಹೋದರು. ಸರಸ್ವತಿ ಪೂಜೆಗೆ ಮಕ್ಕಳ ಪುಸ್ತಕ ಜೋಡಿಸುವಾಗ ನನಗನ್ನಿಸಿತು, ಪಾಪ, ಒಂಟಿ ಹೆಣ್ಣುಮಗಳು, ಅವರದೂ ಒಂದಿರಲಿ ಎಂದು. ಕೋಣೆ ತೆಗೆದು, ಮೇಜಿನ ಮೇಲೆ ಕಣ್ಣಿಗೆ ಬಿದ್ದ ಫೈಲು ತಂದು, ಅರಿಸಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟೆ. ವಿಜಯದಶಮಿಯ ದಿನ ಎತ್ತಿ ಅದರ ಜಾಗದಲ್ಲೇ ಇಟ್ಟರಾಯಿತು, ಅವರಿಗೆ ಹೇಳುವುದೇನು ಎಂದುಕೊಂಡಿದ್ದೆ.

ವಿಜಯದಶಮಿಯ ಬೆಳಿಗ್ಗೆ ತುರುವನೂರಿನಿಂದ ಫೋನು ಬಂತು. ನಮ್ಮ ಯಜಮಾನರ ದೊಡ್ಡಪ್ಪ ತೀರಿಕೊಂಡಿದ್ದರು. ಸೂತಕ ಬಂದ ಮೇಲೆ ನಾವು ದೇವರ ಮನೆಗೆ ಕಾಲಿಡುವಂತಿಲ್ಲ. ಬಾಗಿಲು ಎಳೆದುಕೊಂಡು ಹೊರಟೆವು. ಆ ಗಡಿಬಿಡಿಯಲ್ಲಿ ಫೈಲು ಮನಸ್ಸಿನಿಂದಲೇ ಹೋಯಿತು...

ಕೋರ್ಟು ಮತ್ತೆ ತೆರೆಯುವ ಹೊತ್ತಿಗೆ ನಾವು ವಾಪಸು ಬಂದಿದ್ದೆವು. ಸೂತಕ ಕಳೆಯಲು ಇನ್ನೂ ಮೂರು ದಿನವಿತ್ತು. ಬೆಳಿಗ್ಗೆ ಎಂಟಕ್ಕೆ ಬಂದ ವಕೀಲಮ್ಮ ಬೀಗದ ಕೈ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಬೀರುವಿನ ಬಾಗಿಲು ಬಡಿಯುವ ಸದ್ದು, ಮೇಜು ಎಳೆಯುವ ಸದ್ದು. ಹೋಗಿ ನೋಡಿದರೆ ಫೈಲುಗಳ ನಡುವೆ ನೆಲಕ್ಕೆ ಕುಳಿತಿದ್ದರು.

ಹರಿಯಬ್ಬೆಯಿಂದ ಬಂದು ಇಲ್ಲಿ ಹೂ ಮಾರುವ ಹೆಂಗಸೊಬ್ಬಳ ಕೇಸು ಅವರ ಕೈಲಿತ್ತು. ಅವಳ ಮೈದುನ ಕೋರ್ಟಿನಲ್ಲಿ ಗೆದ್ದು ಮನೆ ಖಾಲಿ ಮಾಡು ಎಂದಿದ್ದ. ಚಿತ್ರದುರ್ಗದಲ್ಲಿ ಅಪೀಲು ಹಾಕಲು ಅವತ್ತೇ ಕಡೆಯ ದಿನ. ತೀರ್ಪಿನ ಜೆರಾಕ್ಸ್ ನೋಡಿಕೊಂಡು ಅಪೀಲನ್ನು ಊರಿನಲ್ಲೇ ಕುಳಿತು ಬರೆದು ತಂದಿದ್ದರು. ಅದರ ಜೊತೆ ಕೊಡಬೇಕಾದ, ಕೋರ್ಟಿನ ಮೊಹರಿದ್ದ ತೀರ್ಪಿನ ನಕಲು ಇಟ್ಟಿದ್ದ ಫೈಲು ಮಾತ್ರ ಎಲ್ಲೂ ಸಿಗಲಿಲ್ಲ.

“ಬಸ್ಸಲ್ಲಿ ಬಿಟ್ನೇನೋ ಅಕ್ಕಾ,” ಅಂದರು. “ತಡವಾಯ್ತು ಅಂತ ಅರ್ಜಿ ಹಾಕ್ಬೋದು. ಒಪ್ಪದಿದ್ರೆ ಆಯಮ್ಮ ಬೀದಿಗೆ ಬೀಳ್ತಾಳೆ. ನನ್ನ ಬೈಯಾಕೂ ನನ್ನ ಹಿಂದೆ ಯಾರೂ ಇಲ್ಲ ನೋಡ್ರಿ.”

ಆಗ ನನಗೆ ನೆನಪಾಯಿತು. ಆ ಫೈಲು ಇನ್ನೂ ದೇವರ ಮುಂದೆಯೇ ಇತ್ತು. ನಾನು ತಕ್ಷಣ ಹೇಳಲಿಲ್ಲ. ಅವರ ಜೊತೆ ಬೆಂಚಿನ ಕೆಳಗೆ ಹುಡುಕುವವಳಂತೆ ಬಗ್ಗಿದೆ. ಹೇಳಿದರೆ ಕಳ್ಳಿಯಾಗುತ್ತೇನೆ, ಹೇಳಿ ನಾನೇ ಒಳಗೆ ಹೋದರೆ ಸೂತಕದ ಮೈಯಲ್ಲಿ ದೇವರನ್ನು ಮುಟ್ಟಿದಂತಾಗುತ್ತದೆ, ಮಕ್ಕಳಿಗೆ ಏನಾದರೂ ಆದರೆ... ಹತ್ತು ನಿಮಿಷ ಹೀಗೇ ಕಳೆದೆ. ಚಿತ್ರದುರ್ಗಕ್ಕೆ ಹೊರಡುವ ಬಸ್ಸೊಂದು ಅಷ್ಟರಲ್ಲಿ ಹೋಗಿರಬೇಕು.

ಕಡೆಗೆ ಹೇಳಿದೆ. ಅವರು ಬೈಯಲಿಲ್ಲ. ನನ್ನ ಮುಖವನ್ನೇ ನೋಡಿದರು.

“ತಂದ್ಕೊಡ್ರಿ ಮತ್ತೆ.”

“ನಮಗೆ ಸೂತಕ ಐತಮ್ಮ. ನಾವ್ಯಾರೂ ಒಳಗೆ ಹೋಗಂಗಿಲ್ಲ.”

ಅವರು ಎದ್ದು ನಿಂತರು. ದನಿ ಏರಲಿಲ್ಲ. “ನನಗೆ ಸೂತಕ ಇಲ್ವಲ್ಲಕ್ಕಾ.”

ಹಜಾರದಲ್ಲಿ ಪೇಪರು ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತದೆ, “ಹೋಗ್ರಿ ಮೇಡಂ, ಹೊತ್ತಾಗ್ತೈತೆ, ಎಡಗಡೆ ಬಾಗ್ಲು” ಅಂದರು. ಅಷ್ಟು ಹೇಳಿಸಿದ್ದು ಆ ಭಗವಂತನೇ ಎಂದು ನಾನು ಈಗಲೂ ನಂಬಿದ್ದೇನೆ.

ಅವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ನನ್ನ ಅಡುಗೆಮನೆಯ ಮುಂದೆ ಹಾದು ಹೋದರು. ನಾನು ಹೊಸ್ತಿಲ ಈಚೆ ನಿಂತೆ. ನನ್ನ ದೇವರ ಮನೆಗೆ ನಾನು ಹೊರಗಿನವಳಾಗಿದ್ದೆ, ಅವರು ಒಳಗಿದ್ದರು. ಫೈಲು ಎತ್ತುವ ಮೊದಲು ಒಂದು ಗಳಿಗೆ ಕೈ ಮುಗಿದರು. ಹೊರಗೆ ಬಂದು ಕುಂಕುಮವನ್ನು ಸೆರಗಿನಿಂದ ಒರೆಸುತ್ತ, “ನಿಮ್ಮ ದೇವರು ಸ್ಟೇ ಕೊಟ್ಬಿಟ್ಟಿದ್ದ, ಈಗ ತೆರವಾಯ್ತು” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಫೋನು ಮಾಡಿ ಅಪೀಲು ಹಾಕಿದ್ದಾಯಿತು ಅಂದರು. ಅಲ್ಲಿಯವರೆಗೆ ನಾನು ನೀರು ಕುಡಿದಿರಲಿಲ್ಲ. ಹೂವಿನವಳ ಮನೆ ಅವಳಿಗೇ ಉಳಿಯಿತು, ಅಪೀಲು ಮುಗಿಯುವವರೆಗೆ. ಅದೇ ದೊಡ್ಡದು. ಆಮೇಲೆ ಗಂಜಿ ಕುಡಿಯಲು ಅವರು ಅಡುಗೆಮನೆಗೇ ಬಂದು ಕೂರುತ್ತಿದ್ದರು. ಎದೆ ಹಿಡಿದಂತಾಗುತ್ತದೆ ಎಂದು ಅಲ್ಲಿ ಕುಳಿತೇ ಒಂದೆರಡು ಸಲ ಹೇಳಿದ್ದರು. ಡಾಕ್ಟರ ಹತ್ತಿರ ಹೋಗಿ ಅಂದರೆ, ಅವತ್ತಿನ ಕೇಸು ಯಾರು ನೋಡುತ್ತಾರೆ ಅನ್ನುವರು.

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತ ವಕೀಲಮ್ಮ ಮತ್ತೆ ಏಳಲಿಲ್ಲವಂತೆ... ಸುದ್ದಿ ಬಂದ ಮಾರನೆಯ ದಿನ ಹೂವಿನವಳು ನಮ್ಮ ಬಾಗಿಲಿಗೆ ಬಂದಳು. ಅವಳಿಗೆ ಗೊತ್ತಿರಲಿಲ್ಲ, ಅವತ್ತು ಅವಳ ಕೇಸಿತ್ತು. ವಿಷಯ ಹೇಳಿದೆ. ಅವಳು ಬೆಂಚು ಹಿಡಿದುಕೊಂಡು, “ಇವತ್ತು ನಮ್ಮ ಕಡೆ ಯಾರು ಎದ್ದು ನಿಂತ್ಕಂತಾರಕ್ಕಾ?” ಅಂದಳು.

ಬೇರೆ ವಕೀಲರು ಆ ಕೇಸು ಹಿಡಿದಿದ್ದಾರೆ, ಅಷ್ಟು ಪುಣ್ಯ. ಕೋಣೆಯನ್ನು ನಾವು ಇನ್ನೂ ಬಾಡಿಗೆಗೆ ಕೊಟ್ಟಿಲ್ಲ. ಆದರೆ ಬೆಳಿಗ್ಗೆ ಹನ್ನೊಂದಾಗಿ ಕೋರ್ಟು ಕೂರುವ ಹೊತ್ತಾದರೆ ನಾನು ಇವತ್ತಿಗೂ ಕೈಲಿದ್ದ ಕೆಲಸ ಬಿಟ್ಟು ಆ ಕೋಣೆಯ ಕಡೆ ನೋಡುತ್ತೇನೆ. ಅವರು ಹೋದ ದಿನ ಹೊಸದುರ್ಗದ ಕೋರ್ಟಿನಲ್ಲಿ ಜವಾನ ಬಾಗಿಲಿಗೆ ಬಂದು ಅವರ ಕೇಸು ಕೂಗಿದನಂತೆ, ಮೂರು ಸಲ. ಅವರು ಬರುವುದಿಲ್ಲ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.