ಸ್ಪಂದನಳ ಸರ್ಟಿಫಿಕೇಟು, ಹಿತ್ತಲಿನ ನಲ್ಲಿ

"ಅಮ್ಮಾ, ಸ್ಪಂದನಕ್ಕ ಯಾಕೆ ನಮ್ಮ ಬಾತ್‌ರೂಮಲ್ಲಿ ಒಬ್ಬಳೇ ಮಾತಾಡ್ತಾಳೆ?"

ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಧ್ರುವ ಕೇಳಿದ. ಕಾಲೇಜಿನಲ್ಲಿ ಭಾಷಣ ಮಾಡಬೇಕಂತೆ ಎಂದೆ. ಹಾಗಾದರೆ ಅಷ್ಟು ಮೆಲ್ಲಗೆ ಯಾಕೆ ಎಂದ. ಅವನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದೆ.

ಸ್ಪಂದನ ನಮ್ಮ ಮನೆ ಓನರ್ ಅರುಣ್ ಕುಮಾರರ ಮಗಳು. ಅವರ ತಾತ ರಾಗಿ ಬೆಳೆಯುತ್ತಿದ್ದ ಮೂಡಲಪಾಳ್ಯದ ಜಾಗದಲ್ಲೇ ಈ ಮನೆ. ಕೆಳಗೆ ಅವರು, ಮೇಲೆ ಬಾಡಿಗೆಗೆ ನಾವು, ಹಿತ್ತಲಿನಲ್ಲಿ ಸಾಲಾಗಿ ಶೀಟಿನ ಶೆಡ್ಡುಗಳು. ಹುಡುಗಿ ಕೊನೆಯ ವರ್ಷದ ಬಿ.ಎ. ಡಿಗ್ರಿಯ ಜೊತೆಗೇ ಜಾಗತಿಕ ಅಧ್ಯಯನದ ಸರ್ಟಿಫಿಕೇಟನ್ನೂ ಮಾಡುತ್ತಿದ್ದಾಳೆ. ಶನಿವಾರವೂ ಕ್ಲಾಸು, ಬಸ್ಸಿನಲ್ಲಿ ಫ್ರೆಂಚ್ ಬಾಯಿಪಾಠ. ನನ್ನ ಜೊತೆ ಅವರೆಕಾಳು ಹಿದುಕುತ್ತಾ ಜನ ಯಾಕೆ ಊರು ಬಿಡುತ್ತಾರೆ ಎಂದು ವಿವರಿಸುವವಳು.

ಬೇರೆ ಕಡೆಯಿಂದ ಬಂದು ತಮ್ಮ ಬೀದಿಯಲ್ಲಿ ನೆಲೆಸಿದವರನ್ನು ಮಾತಾಡಿಸಿ ವರದಿ ಬರೆಯುವುದು ಆ ಕೋರ್ಸಿನಲ್ಲಿ ಅವಳ ಕೊನೆಯ ಕೆಲಸ. ಹಿಂದಿನ ಶೆಡ್ಡಿಗೇ ಹೋದಳು. ಅಲ್ಲಿ ನೇಪಾಳದ ದಂಪತಿ ಇದ್ದಾರೆ. ಗಂಡನದು ಚಂದ್ರಾ ಲೇಔಟಿನಲ್ಲಿ ಮೊಮೊ ಗಾಡಿ. ಶೆಡ್ಡಿಗೆ ನೆಂಟರು ಬಂದರೆ ಓನರ್ ಹಿತ್ತಲಿನ ನಲ್ಲಿಗೆ ಬೀಗ ಹಾಕುತ್ತಾರೆ, ಬಾಣಂತಿ ತಂಗಿ ಬಂದಾಗಲೂ ಹಾಕಿದರು, ಬೀದಿ ಕೊನೆಯಿಂದ ಕೊಡ ಹೊತ್ತೆ ಎಂದು ಆ ಹೆಂಗಸು ಹೇಳಿದ್ದಳು. ಸ್ಪಂದನ ಅಷ್ಟನ್ನೂ ಬರೆದಳು. ವರದಿ ಇಂಗ್ಲಿಷಿನಲ್ಲಿತ್ತು, ಅಪ್ಪನಿಗೆ ಅದು ಓದಲು ಬಾರದು ಎಂಬ ಧೈರ್ಯ.

ಈಗ ಕಾಲೇಜಿನ ಮೇಡಂ, ಭಾನುವಾರ ಹೆತ್ತವರ ಮುಂದೆ ಎಲ್ಲರೂ ಕನ್ನಡದಲ್ಲೇ ಹೇಳಬೇಕು ಎಂದಿದ್ದಾರೆ. ಮಗಳ ಫಂಕ್ಷನ್ ಎಂದು ಅರುಣ್ ಕುಮಾರರು ಮದುವೆಗೆ ಕರೆಯುವ ಹಾಗೆ ಮನೆಮನೆಗೆ ಕುಂಕುಮ ಕೊಟ್ಟು ಕರೆದು ಬಂದಿದ್ದಾರೆ, ನೆಂಟರಿಗೆಲ್ಲ ಟಿಟಿ ವ್ಯಾನು ಗೊತ್ತು ಮಾಡಿದ್ದಾರೆ. ಸ್ಪಂದನಳ ಅಜ್ಜಿ ಮುನಿಲಕ್ಷ್ಮಮ್ಮ ರೇಷ್ಮೆ ಸೀರೆ ಬಿಸಿಲಿಗೆ ಹಾಕಿದ್ದಾರೆ.

ಹಿಂದೊಮ್ಮೆ ಶೆಡ್ಡಿನವರೊಬ್ಬರು ನೀರಿನ ವಿಚಾರಕ್ಕೆ ಹೊರಗೆ ದೂರು ಹೇಳಿದ್ದರು. ಮಧ್ಯಾಹ್ನದೊಳಗೆ ಅವರ ಒಲೆ, ಹಾಸಿಗೆ ರಸ್ತೆಗೆ ಬಂದಿದ್ದನ್ನು ನಾನೇ ಬಾಲ್ಕನಿಯಿಂದ ನೋಡಿದ್ದೇನೆ.

ಸಂಜೆ ಸ್ಪಂದನ ಮತ್ತೆ ಬಂದಳು. ಕಾಫಿ ಕೊಟ್ಟೆ.

"ಆ ನಲ್ಲಿ ಭಾಗ ಬಿಟ್ಬಿಡು ಕಣೇ," ಎಂದೆ.

ಮೇಡಂ ಆರಿಸಿದ್ದೇ ಆ ಭಾಗವಂತೆ, ಬಿಟ್ಟರೆ ಸರ್ಟಿಫಿಕೇಟ್ ಇಲ್ಲವಂತೆ.

"ಹೆಸರು ಹೇಳ್ಬೇಡ ಮತ್ತೆ."

"ಹೇಳ್ದಿದ್ರೂ ಗೊತ್ತಾಗುತ್ತೆ ಆಂಟಿ. ಬಾಣಂತಿ ಬಂದಿದ್ದು ಅವರ ಮನೆಗೆ ಮಾತ್ರ. ಆ ಮಗು ಇನ್ನೂ ಅಲ್ಲೇ ಇದೆ."

ಕೆಳಗೆ ಅರುಣ್ ಕುಮಾರರು ಯಾರಿಗೋ ಫೋನಿನಲ್ಲಿ, ನನ್ ಮಗಳು ಸ್ಟೇಜ್ ಮೇಲೆ ಮಾತಾಡ್ತಾಳೆ, ತಪ್ಪದೆ ಬನ್ನಿ ಎನ್ನುತ್ತಿದ್ದರು. ಸ್ಪಂದನ ಎದ್ದು ಹೋಗಿ ನಮ್ಮ ಬಾಗಿಲು ಹಾಕಿ ಬಂದಳು. ನಮ್ಮ ಬಾಡಿಗೆ ಅಗ್ರಿಮೆಂಟ್ ಮುಗಿಯುತ್ತಾ ಬಂದಿದೆ. ಧ್ರುವನ ಸ್ಕೂಲು ಇಲ್ಲೇ ತಿರುವಿನಲ್ಲಿದೆ.

ಅವಳು ನನ್ನ ಮುಖ ನೋಡದೆ ಕೇಳಿದಳು:

"ಆಂಟಿ, ನೀವೂ ದಾವಣಗೆರೆಯಿಂದ ಬಂದವರಲ್ವಾ. ಬೀಗ ಹಾಕಿದ್ದನ್ನ ಮೇಲಿಂದ ನೋಡಿ ನೀವೇ ಹೇಳಿದ್ರಿ ಅಂತ ಹೇಳ್ಲಾ?"